ಗ್ರೀಸು ಹೊಗೆಯಾದ ಇಳಿಜಾರು

ಸ್ಯಾನ್ ಫ್ರಾನ್ಸಿಸ್ಕೊದಿಂದ ಗೋಲ್ಡನ್ ಗೇಟ್ ಸೇತುವೆ ದಾಟಿ ಉತ್ತರಕ್ಕೆ ಹೋದರೆ ಸಿಗುವುದು ಮರಿನ್ ಕೌಂಟಿ. ಒಂದು ಕಡೆ ಕೊಲ್ಲಿ, ಇನ್ನೊಂದು ಕಡೆ ಪೆಸಿಫಿಕ್ ಸಾಗರ, ನಡುವೆ ಟ್ಯಾಮಲ್‌ಪೈಸ್ ಬೆಟ್ಟ. ಊರವರ ಬಾಯಲ್ಲಿ ಅದು ಬರೀ ‘ಟ್ಯಾಮ್’. ಎತ್ತರ 2,571 ಅಡಿ. ನಮ್ಮ ಘಟ್ಟಗಳ ಲೆಕ್ಕದಲ್ಲಿ ಇದು ಗುಡ್ಡವೇ ಸರಿ, ಕುದುರೆಮುಖ ಇದರ ಎರಡು ಪಟ್ಟಿಗೂ ಮೀರಿ ಎದ್ದು ನಿಂತಿದೆ. ಆದರೆ ಟ್ಯಾಮ್ ಹೆಚ್ಚುಕಡಿಮೆ ಸಮುದ್ರಮಟ್ಟದಿಂದಲೇ ಮೇಲೇಳುತ್ತದೆ. ಬೆಳಗ್ಗೆ ಕಡಲಿನ ಮಂಜು ಕಣಿವೆಗಳನ್ನೆಲ್ಲ ತುಂಬಿಕೊಂಡಾಗ ತುದಿ ಮಾತ್ರ ಬಿಸಿಲಲ್ಲಿ ತೇಲುತ್ತಿರುತ್ತದೆ. ‘ಮೌಂಟನ್ ಬೈಕ್’ ಎಂದು ಇವತ್ತು ಜಗತ್ತೆಲ್ಲ ಕರೆಯುವ ಸೈಕಲ್ಲು ರೂಪುಗೊಂಡದ್ದು ಈ ಬೆಟ್ಟದ ಇಳಿಜಾರುಗಳಲ್ಲಿ.

ಬೆಟ್ಟಕ್ಕೆ ಚಕ್ರ ಹೊಸದೇನೂ ಆಗಿರಲಿಲ್ಲ. 1896ರಲ್ಲಿ ಮಿಲ್ ವ್ಯಾಲಿಯಿಂದ ತುದಿಯ ಹತ್ತಿರದವರೆಗೆ ಒಂದು ಪುಟ್ಟ ರೈಲುಮಾರ್ಗ ಹಾಕಿದ್ದರು. ಎಂಟು ಮೈಲಿಗೆ 281 ತಿರುವು. ‘ಜಗತ್ತಿನ ಅತಿ ಅಂಕುಡೊಂಕಿನ ರೈಲು’ ಎಂದೇ ಅದರ ಪ್ರಚಾರ. ಇಳಿಯುವಾಗ ಎಂಜಿನ್ನೂ ಇಲ್ಲದ ತೆರೆದ ಬಂಡಿಗಳಲ್ಲಿ ಪ್ರವಾಸಿಗರನ್ನು ಕೂರಿಸಿ, ಬ್ರೇಕು ಹಿಡಿಯಲು ಒಬ್ಬನನ್ನು ಬಿಟ್ಟು, ಮ್ಯೂರ್ ವುಡ್ಸ್‌ನ ರೆಡ್‌ವುಡ್ ಕಾಡಿನವರೆಗೆ ಜಾರಿಸಿಬಿಡುತ್ತಿದ್ದರು. ಮೋಟಾರುಗಳು ಬಂದ ಮೇಲೆ ರೈಲಿಗೆ ಗಿರಾಕಿ ಕಡಿಮೆಯಾಯಿತು, 1930ರಲ್ಲಿ ಅದು ಮುಚ್ಚಿತು. ಹಳಿ ಕಿತ್ತರೂ ಹಳಿಗೆಂದು ಕಡಿದ ಹದವಾದ ಏರುದಾರಿ ಉಳಿಯಿತು. ಅದರ ಜೊತೆಗೆ, ಕಾಡ್ಗಿಚ್ಚು ಆರಿಸುವ ಲಾರಿಗಳು ಓಡಾಡಲೆಂದು ಬೆಟ್ಟದ ಬೆನ್ನಿನುದ್ದಕ್ಕೂ ಮಾಡಿದ ಮಣ್ಣುರಸ್ತೆಗಳು. ಈ ದಾರಿಗಳು ಮೊದಲೇ ಇದ್ದವು ಎಂಬುದನ್ನು ಮೌಂಟನ್ ಬೈಕಿನ ಕತೆ ಹೇಳುವವರು ಸಾಮಾನ್ಯವಾಗಿ ಹಾರಿಸಿಬಿಡುತ್ತಾರೆ. ದಾರಿಯೇ ಇಲ್ಲದಿದ್ದರೆ ಆ ಸೈಕಲ್ಲೂ ಇರುತ್ತಿರಲಿಲ್ಲ.

1970ರ ಹೊತ್ತಿಗೆ ಮರಿನ್‌ನಲ್ಲಿ ಸೈಕಲ್ ತುಳಿಯುವವರೆಂದರೆ ಮುಖ್ಯವಾಗಿ ಡಾಂಬರು ರಸ್ತೆಯವರು. ಬೆರಳಗಲದ ಟೈರು, ಬಾಗಿದ ಹ್ಯಾಂಡಲ್, ಕೈಬೆರಳಲ್ಲಿ ಎತ್ತಬಹುದಾದಷ್ಟು ಹಗುರ. ಆ ಸೈಕಲ್ಲಿನಲ್ಲಿ ಕಡಲಂಚಿನ ಒಂದನೇ ಹೆದ್ದಾರಿ ಸಿಗುತ್ತದೆ, ಸ್ಟಿನ್ಸನ್ ಬೀಚಿಗೆ ಇಳಿಯುವ ಸುತ್ತುರಸ್ತೆ ಸಿಗುತ್ತದೆ. ಬೆಟ್ಟದ ಒಡಲು ಮಾತ್ರ ಸಿಗುವುದಿಲ್ಲ. ಗ್ಯಾರಿ ಫಿಶರ್, ಜೋ ಬ್ರೀಜ್ ಇಬ್ಬರೂ ಇಂಥ ರಸ್ತೆ ರೇಸುಗಳ ಹುಡುಗರು. ಚಾರ್ಲಿ ಕೆಲಿ ಅವರ ಗೆಳೆಯ, ರಾಕ್ ಬ್ಯಾಂಡೊಂದರ ಸಾಮಾನು ಸಾಗಿಸುವ ಕೆಲಸದಲ್ಲಿದ್ದವನು.

ಇವರಿಗಿಂತ ಮೊದಲೇ ಪಕ್ಕದ ಲಾರ್ಕ್ಸ್‌ಪರ್ ಊರಿನ ಪಡ್ಡೆ ಹುಡುಗರು ಗುಜರಿ ಸೈಕಲ್ಲುಗಳಲ್ಲಿ ಬೆಟ್ಟ ಇಳಿಯುತ್ತಿದ್ದರು. ಷ್ವಿನ್ ಕಂಪನಿ 1933ರಲ್ಲಿ ಮಕ್ಕಳಿಗಾಗಿ ದಪ್ಪ ಟೈರಿನ ಸೈಕಲ್ಲು ತಂದಿತ್ತು. ಪೇಪರ್ ಹಾಕುವ ಹುಡುಗರು ಅದರ ಮೇಲೆ ಮೂಟೆಗಟ್ಟಲೆ ಪತ್ರಿಕೆ ಹೇರಿಕೊಂಡು ಓಡಾಡಿದ್ದರು. ನಲವತ್ತು ವರ್ಷದ ಮೇಲೆ ಅವು ಯಾರದೋ ಶೆಡ್ಡಿನಲ್ಲಿ ತುಕ್ಕು ಹಿಡಿದು ಬಿದ್ದಿದ್ದವು. ಚಿಲ್ಲರೆ ಕಾಸಿಗೆ ಕೊಂಡು, ಮಡ್‌ಗಾರ್ಡು, ಚೈನ್ ಕವರು, ಕ್ಯಾರಿಯರು ಎಲ್ಲ ಕಿತ್ತೆಸೆದರೆ ಉಳಿಯುವುದೇ ‘ಕ್ಲಂಕರ್’. ‘ಲಟಾರಿ’ ಎಂದರೆ ಆ ಹೆಸರಿನ ಸದ್ದೂ ಅರ್ಥವೂ ಕನ್ನಡಕ್ಕೆ ಒಟ್ಟಿಗೇ ಬಂದಂತಾಗುತ್ತದೆ. ತೂಕ ಇಪ್ಪತ್ತು ಕಿಲೋ ಮೇಲೆ, ಗೇರು ಒಂದೇ. ಕೈಬ್ರೇಕಿಲ್ಲ, ಪೆಡಲನ್ನು ಹಿಂದಕ್ಕೆ ಒತ್ತಿದರೆ ಹಿಂಚಕ್ರ ಹಿಡಿದುಕೊಳ್ಳುತ್ತದೆ, ಅಷ್ಟೆ. ಹತ್ತುವಾಗ ತಳ್ಳಿಕೊಂಡು ಹೋಗಬೇಕು, ಇಲ್ಲವೇ ಯಾರದಾದರೂ ಟ್ರಕ್ಕಿನ ಹಿಂದೆ ಹಾಕಿಸಿಕೊಳ್ಳಬೇಕು. ಇಳಿಯುವುದಕ್ಕೆ ದೇವರೇ ಗತಿ.

ಫೇರ್‌ಫ್ಯಾಕ್ಸ್ ಊರಿನ ಮೇಲಿನ ಒಂದು ಮಣ್ಣುರಸ್ತೆ ಸುಮಾರು 2 ಮೈಲಿಯಲ್ಲಿ 1,300 ಅಡಿ ಕೆಳಗಿಳಿಯುತ್ತದೆ. ಅಷ್ಟೂ ದೂರ ಹಿಂಬ್ರೇಕು ಒತ್ತಿಕೊಂಡೇ ಬಂದರೆ ಚಕ್ರದ ಹಬ್ಬು ಕಾದು ಒಳಗಿನ ಗ್ರೀಸೆಲ್ಲ ಹೊಗೆಯಾಗಿ ಹೋಗುತ್ತಿತ್ತು. ಮನೆಗೆ ಹೋಗಿ ಹಬ್ಬು ಬಿಚ್ಚಿ ಹೊಸ ಗ್ರೀಸು ತುಂಬಬೇಕು. ಮತ್ತೆ ತುಂಬುವುದಕ್ಕೆ ಇಂಗ್ಲಿಷಿನಲ್ಲಿ ‘ರಿಪ್ಯಾಕ್’. ರಸ್ತೆಗೂ ಅದೇ ಹೆಸರು ನಿಂತಿತು. ರಿಪೇರಿಯ ಹೆಸರಿನಲ್ಲಿ ಪ್ರಸಿದ್ಧವಾದ ರಸ್ತೆ ಇನ್ನೊಂದಿದ್ದೀತೆ?

ಯಾರು ವೇಗಿ ಎಂಬ ಜಗಳ ತೀರಿಸಲು 1976ರ ಅಕ್ಟೋಬರ್ 21ರಂದು ಮೊದಲ ರೇಸು ನಡೆಯಿತು. ಒಟ್ಟಿಗೆ ಬಿಟ್ಟರೆ ಒಬ್ಬರ ಮೇಲೊಬ್ಬರು ಬೀಳುತ್ತಾರೆಂದು ಒಬ್ಬೊಬ್ಬರನ್ನೇ ಬಿಟ್ಟು ಸಮಯ ಗುರುತು ಹಾಕಿಕೊಂಡರು. ಗೆದ್ದವನು ಅಲನ್ ಬಾಂಡ್ಸ್. ಅವತ್ತು ಬೀಳದೆ ಕೆಳಗೆ ತಲುಪಿದವನು ಅವನೊಬ್ಬನೇ. ಕೆಲಿ ಆಗಾಗ ಇಂಥ ರೇಸು ನಡೆಸುತ್ತ ಹೋದ. ವೆಂಡಿ ಕ್ರ್ಯಾಗ್ ಎಂಬ ಹೆಂಗಸು ಇವರ ಜೊತೆ ತುಳಿಯುತ್ತಲೇ ತೆಗೆದ ಫೋಟೋಗಳು ಇಲ್ಲದಿದ್ದರೆ ಈ ಕತೆಯಲ್ಲಿ ಅರ್ಧಪಾಲು ಬರೀ ಬಾಯಿಮಾತಾಗಿ ಉಳಿಯುತ್ತಿತ್ತು.

ಇಳಿಯುವುದು ಮಾತ್ರವಾಗಿದ್ದರೆ ಇದು ಹುಡುಗಾಟವಾಗಿಯೇ ಮುಗಿಯುತ್ತಿತ್ತು. ಬೆಟ್ಟ ಸುತ್ತಬೇಕೆಂದರೆ ಹತ್ತಲೂ ಬೇಕು. 1974ರ ಡಿಸೆಂಬರಿನಲ್ಲಿ ಮಿಲ್ ವ್ಯಾಲಿಯ ಒಂದು ಸೈಕ್ಲೋಕ್ರಾಸ್ ಸ್ಪರ್ಧೆಗೆ ದಕ್ಷಿಣದ ಕುಪರ್ಟಿನೊ ಊರಿನ ಕೆಲವರು ಬಂದಿದ್ದರು. ಅವರ ದಪ್ಪ ಟೈರಿನ ಹಳೇ ಸೈಕಲ್ಲುಗಳಿಗೆ ಹತ್ತಾರು ಗೇರು, ಹೆಬ್ಬೆರಳಲ್ಲಿ ತಳ್ಳುವ ಗೇರುಕಡ್ಡಿ. ಬಂದವರು ಹೋದರು, ಆ ಗುಂಪಿನ ಸುದ್ದಿ ಆಮೇಲೆ ಅಲ್ಲಿ ಕೇಳಲಿಲ್ಲ. ಮರುವರ್ಷ ಫಿಶರ್ ತನ್ನ ಷ್ವಿನ್‌ಗೆ ಗೇರು, ಡ್ರಮ್ ಬ್ರೇಕು, ಮೋಟರ್‌ಸೈಕಲ್ಲಿನ ಬ್ರೇಕ್ ಹಿಡಿ ಜೋಡಿಸಿದ. ತಳ್ಳಿಕೊಂಡು ಹೋಗುತ್ತಿದ್ದ ಏರನ್ನು ಈಗ ಕೂತೇ ಹತ್ತಬಹುದಾಯಿತು. ಹಳೇ ರೈಲುದಾರಿ ಇಂಥ ಸೈಕಲ್ಲಿಗೆಂದೇ ಕಡಿದಂತಿತ್ತು.

ಗುಜರಿ ಫ್ರೇಮುಗಳು ರಿಪ್ಯಾಕ್‌ನ ಹೊಡೆತ ತಡೆಯದೆ ಮುರಿಯುತ್ತಿದ್ದವು. 1977ರಲ್ಲಿ ಬ್ರೀಜ್ ಗಟ್ಟಿ ಉಕ್ಕಿನ ಕೊಳವೆಗಳಿಂದ, ಎಲ್ಲ ಹೊಸ ಭಾಗಗಳಿಂದ, ಇದಕ್ಕೆಂದೇ ಒಂದು ಸೈಕಲ್ಲು ಕಟ್ಟಿದ. ಆ ಮೊದಲ ‘ಬ್ರೀಜರ್’ ಈಗ ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್‌ನಲ್ಲಿದೆ. 1979ರಲ್ಲಿ ಫಿಶರ್, ಕೆಲಿ ಸೇರಿ, ಟಾಮ್ ರಿಚೀ ಮಾಡಿಕೊಟ್ಟ ಫ್ರೇಮುಗಳಿಗೆ ಭಾಗಗಳನ್ನು ಜೋಡಿಸಿ ಮಾರತೊಡಗಿದರು. ಕಂಪನಿಗೆ ‘ಮೌಂಟನ್‌ಬೈಕ್ಸ್’ ಎಂದು ಹೆಸರಿಟ್ಟರು. ಬೆಲೆ ಸುಮಾರು 1,300 ಡಾಲರ್. 1981ರಲ್ಲಿ ಸ್ಪೆಷಲೈಸ್ಡ್ ಕಂಪನಿ ಜಪಾನಿನಲ್ಲಿ ಮಾಡಿಸಿದ ‘ಸ್ಟಂಪ್‌ಜಂಪರ್’ ಅನ್ನು 750 ಡಾಲರಿಗೆ ಕೊಟ್ಟಿತು. ಅಲ್ಲಿಗೆ ಮರಿನ್‌ನವರ ಕೈಯಿಂದ ಸೈಕಲ್ಲೂ ಜಾರಿತು, ಹೆಸರೂ ಜಾರಿತು. ಅಂಕಿತನಾಮವಾಗಲಿ ಎಂದು ಇಟ್ಟದ್ದು ಕೆಲವೇ ವರ್ಷಗಳಲ್ಲಿ ರೂಢನಾಮವಾಗಿಹೋಯಿತು. ನಮ್ಮ ಸೈಕಲ್ ಅಂಗಡಿಗಳಲ್ಲಿ ಇವತ್ತು ಗೇರೇ ಇಲ್ಲದ, ದಪ್ಪ ಟೈರಿನ, ನೆಟ್ಟಗಿನ ಹ್ಯಾಂಡಲ್ಲಿನ ಸೈಕಲ್ಲಿಗೂ ‘ಎಂಟಿಬಿ’ ಎಂಬ ಚೀಟಿ ಇರುತ್ತದೆ. ನೋಡಿದರೆ ಅದು ಮೌಂಟನ್ ಬೈಕಿಗಿಂತ ಅದರ ಅಜ್ಜನಾದ ಕ್ಲಂಕರಿಗೇ ಹತ್ತಿರ!

ಕಂಡುಹಿಡಿದವರು ಯಾರು ಎಂಬ ಜಗಳ ಇನ್ನೂ ನಡೆದಿದೆ. ಅದಕ್ಕಿಂತ ದೊಡ್ಡ ಜಗಳ, ಬೆಟ್ಟ ಯಾರದು ಎಂಬುದು. ರಿಪ್ಯಾಕ್‌ನ ಮೊದಲ ರೇಸು ನಡೆದ ಅದೇ 1976ರ ಅಕ್ಟೋಬರಿನಲ್ಲಿ ಮರಿನ್‌ನ ಇನ್ನೊಂದು ತುದಿಯ ಪಾಯಿಂಟ್ ರೇಯ್ಸ್ ಕರಾವಳಿಯ ದೊಡ್ಡ ಭಾಗವನ್ನು ಅಮೆರಿಕದ ಸಂಸತ್ತು ‘ವನ್ಯಪ್ರದೇಶ’ ಎಂದು ಸಾರಿತು. ಇಂಥ ಪ್ರದೇಶಗಳಿಗೆ 1964ರ ಕಾಯಿದೆ ಅನ್ವಯಿಸುತ್ತದೆ. ಅದು ಮೋಟಾರು ವಾಹನಗಳನ್ನು ಒಂದು ಮಾತಿನಲ್ಲಿ ನಿಷೇಧಿಸಿ, ‘ಯಾಂತ್ರಿಕ ಸಾಗಣೆ’ ಎಂಬ ಇನ್ನೊಂದು ಮಾತನ್ನು ಪ್ರತ್ಯೇಕವಾಗಿ ಸೇರಿಸುತ್ತದೆ. ಕನ್ನಡದಲ್ಲಿ ಯಂತ್ರ ಎಂದೊಡನೆ ಎಂಜಿನ್ನು ಕಣ್ಣಿಗೆ ಬರುತ್ತದೆ. ಮನುಷ್ಯ ಕಾಲಲ್ಲಿ ತುಳಿಯುವ ಸೈಕಲ್ಲು ಯಂತ್ರವೇ? ಹಾಗಾದರೆ ಹುಟ್ಟು ಹಾಕುವ ದೋಣಿ? ಸರಕಾರ ಸೈಕಲ್ಲನ್ನು ಯಂತ್ರವೆಂದೇ ಓದಿತು. ಅಲ್ಲಿ ನಡೆಯಬಹುದು, ಕುದುರೆ ಏರಬಹುದು, ಸೈಕಲ್ ತುಳಿಯುವಂತಿಲ್ಲ.

ಟ್ಯಾಮ್‌ನ ಮೇಲೂ ಹೀಗೇ ಆಯಿತು. 1980ರ ದಶಕದಲ್ಲಿ ಸೈಕಲ್ಲಿನವರು ಹೆಚ್ಚಿದಂತೆ, ಕುರುಡು ತಿರುವಿನಲ್ಲಿ ಅವರು ಎದುರಿಗೆ ಬಂದು ಕುದುರೆ ಬೆದರಿತು, ನಡೆಯುವವರು ಹೌಹಾರಿದರು ಎಂಬ ದೂರುಗಳೂ ಹೆಚ್ಚಿದವು. ಬೆಟ್ಟದ ಬಹುಪಾಲು ಕುಡಿಯುವ ನೀರಿನ ಜಲಾನಯನ. ಕಾಲುದಾರಿಗಳ ಮಣ್ಣು ಕೊರೆದರೆ ಕೆರೆಗೇ ಹೂಳು. ಸೈಕಲ್ಲಿಗೆ ಅಗಲದ ಮಣ್ಣುರಸ್ತೆ ಸಾಕು, ಕಿರಿದಾದ ಕಾಲುದಾರಿ ಬೇಡವೆಂದಾಯಿತು. ವೇಗದ ಮಿತಿ ಗಂಟೆಗೆ 15 ಮೈಲಿ. ರೇಂಜರುಗಳು ರಾಡಾರ್ ಗನ್ನು ಹಿಡಿದು ಪೊದೆಯ ಪಕ್ಕ ನಿಂತರು. 1988ರಲ್ಲಿ ಕ್ಯಾಲಿಫೋರ್ನಿಯಾದ ಕೆಲವು ಸಂಘಗಳು ಸೇರಿ ಅಂತರರಾಷ್ಟ್ರೀಯ ಮೌಂಟನ್ ಬೈಕ್ ಸಂಘ ಕಟ್ಟಿದ್ದು ಈ ಬಿಸಿಯಲ್ಲೇ. ನಡೆಯುವವರದು ಹೊಟ್ಟೆಕಿಚ್ಚು ಎಂದು ತಳ್ಳಿಹಾಕುವುದು ಸುಲಭ, ಆದರೆ ತಪ್ಪು. ಆ ಬೆಟ್ಟ ಮನೆಸಾಲುಗಳ ಪಾಲಾಗದೆ ಉಳಿದದ್ದರಲ್ಲಿ ಅವರ ಹಿಂದಿನ ತಲೆಮಾರಿನ ಹೋರಾಟವೂ ಇದೆ. ಹಾಗೆ ಉಳಿದ ಬೆಟ್ಟದಲ್ಲೇ ಈ ಸೈಕಲ್ಲು ಹುಟ್ಟಿತು.

ಈಗ ಬ್ಯಾಟರಿಯ ಸೈಕಲ್ಲು ಬಂದು ‘ಮೋಟಾರು’ ಎಂಬ ಮಾತಿಗೂ ಅದೇ ವ್ಯಾಖ್ಯಾನದ ಜಗಳ ತಂದಿದೆ. ಬಾಗಿದ ಹ್ಯಾಂಡಲ್ಲಿನ, ನಡುಗಾತ್ರದ ಟೈರಿನ ‘ಗ್ರಾವೆಲ್’ ಸೈಕಲ್ಲುಗಳು ಹಳೇ ರೈಲುದಾರಿಯಲ್ಲಿ ನೆಮ್ಮದಿಯಾಗಿ ಹತ್ತುತ್ತವೆ. ಫೇರ್‌ಫ್ಯಾಕ್ಸ್‌ನಲ್ಲಿ 2015ರಿಂದ ಒಂದು ಸೈಕಲ್ ಮ್ಯೂಸಿಯಂ ಇದೆ.

ರಿಪ್ಯಾಕ್ ರಸ್ತೆಯಲ್ಲಿ ಇವತ್ತೂ ಸೈಕಲ್ ಬಿಡಬಹುದು. ಅಲ್ಲಿ ಫಿಶರ್‌ನ ದಾಖಲೆ 4 ನಿಮಿಷ 22 ಸೆಕೆಂಡು. ಗಂಟೆಗೆ 15 ಮೈಲಿಯ ಮಿತಿ ಮೀರದೆ ಇಳಿದರೆ ಆ 2 ಮೈಲಿಗೆ ಎಂಟು ನಿಮಿಷ ಬೇಕು.