ಕಿರಿದಾದ ಬಾಗಿಲು, ದುಡಿಯುವ ಹೃದಯ



ಮಂಗಳೂರಿನ ಹಳೆಯ ಬಂದರಿನ ಕಡೆ ಹೋದರೆ, ನೇತ್ರಾವತಿ ಮತ್ತು ಫಲ್ಗುಣಿ ನದಿಗಳು ಕೂಡಿ ಅರಬ್ಬೀ ಸಮುದ್ರವನ್ನು ಸೇರುವ ಅಳಿವೆ ಬಾಗಿಲನ್ನು ನೋಡಬಹುದು. ಒಂದು ಕಡೆ ಬೆಂಗ್ರೆ, ಇನ್ನೊಂದು ಕಡೆ ಉಳ್ಳಾಲದ ಕೋಟೆಪುರ. ಇಲ್ಲಿ ಮರಳು ಮತ್ತು ಹೂಳು ತುಂಬುತ್ತಾ ಬಂದರೆ ಮೀನುಗಾರಿಕಾ ದೋಣಿಗಳ ಓಡಾಟವೇ ಕಷ್ಟವಾಗುತ್ತದೆ. ಹೂಳೆತ್ತಿ ಬಾಗಿಲನ್ನು ತೆರವು ಮಾಡಬೇಕಾಗುತ್ತದೆ.

ನಮ್ಮ ಎದೆಯೊಳಗೂ ಇಂಥದೊಂದು ಬಾಗಿಲಿದೆ. ಹೃದಯದ ಎಡ ಹೃತ್ಕುಕ್ಷಿಯಿಂದ ರಕ್ತವು ಮಹಾಪಧಮನಿಗೆ ಹೊರಡುವ ಸ್ಥಳದಲ್ಲಿ ಮೂರು ತೆಳುವಾದ ದಳಗಳ ಕವಾಟವೊಂದು ತೆರೆದು ಮುಚ್ಚುತ್ತಿರುತ್ತದೆ. ಇದು ಗಡುಸಾಗಿ ಕಿರಿದಾಗುವುದನ್ನು ಮಹಾಪಧಮನಿ ಕವಾಟದ ಸಂಕುಚನ ಎನ್ನುತ್ತಾರೆ. ನದಿಯ ನೀರು ಸ್ವಲ್ಪ ಹೊತ್ತು ಕಾದು ನಿಲ್ಲಬಹುದು. ಹೃದಯಕ್ಕೆ ಆ ಅನುಕೂಲವಿಲ್ಲ. ಬಾಗಿಲು ಎಷ್ಟೇ ಕಿರಿದಾದರೂ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತವನ್ನು ಅದು ಹೊರಗೆ ಕಳುಹಿಸಲೇಬೇಕು. ಈ ಹೆಚ್ಚುವರಿ ದುಡಿಮೆಯನ್ನು ಹೃದಯ ಹೇಗೆ ನಿಭಾಯಿಸುತ್ತದೆ? ಎಷ್ಟು ಕಾಲ ನಿಭಾಯಿಸುತ್ತದೆ? ವೈದ್ಯಲೋಕ ಇದನ್ನು ಅರಿತುಕೊಂಡ ಚರಿತ್ರೆಯನ್ನು ಈ ಲೇಖನದಲ್ಲಿ ತಿಳಿಯೋಣ.

ಈ ಕವಾಟದ ಕುತೂಹಲ ಹಳೆಯದು. 1513ರ ಸುಮಾರಿಗೆ ಇಟಲಿಯ ಲಿಯೊನಾರ್ಡೊ ಡ ವಿಂಚಿ ಎತ್ತಿನ ಹೃದಯವನ್ನು ಅಭ್ಯಾಸ ಮಾಡಿ, ಕವಾಟದ ಬಳಿ ರಕ್ತ ಸುಳಿ ತಿರುಗುವುದನ್ನು ಚಿತ್ರಿಸಿದ. ಗಾಜಿನ ಮಾದರಿಯಲ್ಲಿ ನೀರು ಹರಿಸಿ, ಅದರಲ್ಲಿ ಹುಲ್ಲಿನ ಬೀಜಗಳನ್ನು ಬಿಟ್ಟು ಸುಳಿಗಳನ್ನು ಗಮನಿಸುವ ಉಪಾಯವನ್ನೂ ಬರೆದಿಟ್ಟ. 1628ರಲ್ಲಿ ವಿಲಿಯಂ ಹಾರ್ವೆ ರಕ್ತ ಪರಿಚಲನೆಯನ್ನು ವಿವರಿಸಿದ ಮೇಲೆ ಕವಾಟಗಳ ಕೆಲಸ ಸ್ಪಷ್ಟವಾಯಿತು. 1816ರಲ್ಲಿ ಪ್ಯಾರಿಸ್ಸಿನ ವೈದ್ಯ ಲೆನೆಕ್ ಸ್ಟೆತಾಸ್ಕೋಪನ್ನು ರೂಪಿಸಿದಾಗ, ಜೀವಂತ ರೋಗಿಯ ಎದೆಗೆ ಕಿವಿಗೊಟ್ಟು ರೋಗವನ್ನು ಗುರುತಿಸುವ ದಾರಿ ತೆರೆಯಿತು. ಕಿರಿದಾದ ಕವಾಟದ ಮೂಲಕ ರಕ್ತ ನುಗ್ಗುವಾಗ ಒರಟಾದ ಮರ್ಮರ ಧ್ವನಿ ಕೇಳುತ್ತದೆ. ಅದು ಕತ್ತಿನವರೆಗೂ ಹರಡುತ್ತದೆ.

ಮಂಗಳೂರಿನಲ್ಲಿ ಆಧುನಿಕ ಚಿಕಿತ್ಸೆಯ ಪರಂಪರೆ ದೀರ್ಘವಾದದ್ದು. ಇಂದಿನ ವೆನ್‌ಲಾಕ್ ಆಸ್ಪತ್ರೆಯ ಮೂಲ 1848ರಷ್ಟು ಹಿಂದಿನದು. 1880ರಲ್ಲಿ ಫಾದರ್ ಅಗಸ್ಟಸ್ ಮುಲ್ಲರ್ ಕಂಕನಾಡಿಯಲ್ಲಿ ಬಡವರಿಗಾಗಿ ಔಷಧಾಲಯ ಆರಂಭಿಸಿದರು. 1953ರಲ್ಲಿ ಡಾ. ಟಿ.ಎಂ.ಎ. ಪೈ ಅವರು ಕಸ್ತೂರ್ಬಾ ವೈದ್ಯಕೀಯ ಕಾಲೇಜನ್ನು ಸ್ಥಾಪಿಸಿದಾಗ, ವಿದ್ಯಾರ್ಥಿಗಳು ರೋಗಿಯ ಹಾಸಿಗೆಯ ಬಳಿ ಕಲಿಯಲು ವೆನ್‌ಲಾಕ್ ಆಸ್ಪತ್ರೆಯೇ ಪಾಠಶಾಲೆಯಾಯಿತು. ಖಾಸಗಿ ಕಾಲೇಜೊಂದು ಸರ್ಕಾರಿ ಆಸ್ಪತ್ರೆಯೊಡನೆ ಕೈಜೋಡಿಸಿದ ಆ ಪ್ರಯೋಗ ಅಂದಿನ ಕಾಲಕ್ಕೆ ಹೊಸದು.

ಈಗ ನಮ್ಮ ಮುಖ್ಯ ಪ್ರಶ್ನೆಗೆ ಬರೋಣ. ನಿಮ್ಮ ಮಣಿಕಟ್ಟಿನ ಮೇಲೆ ಬೆರಳಿಟ್ಟು ನಾಡಿಯನ್ನು ಎಣಿಸಿ. ನಿಮಿಷಕ್ಕೆ 72 ಬಡಿತವೆಂದರೆ ದಿನಕ್ಕೆ 1,03,680 ಬಡಿತವಾಯಿತು. ಹೃದಯ ಆಮ್ಲಜನಕವನ್ನು ಬಳಸಿ ಪಡೆಯುವ ಶಕ್ತಿಯಲ್ಲಿ ಸುಮಾರು ಐದನೇ ಒಂದು ಭಾಗದಿಂದ ನಾಲ್ಕನೇ ಒಂದು ಭಾಗ ಮಾತ್ರ ರಕ್ತವನ್ನು ದೂಡುವ ಕೆಲಸವಾಗಿ ಮಾರ್ಪಡುತ್ತದೆ. ಉಳಿದುದರಲ್ಲಿ ಹೆಚ್ಚಿನ ಪಾಲು ಶಾಖವಾಗುತ್ತದೆ. ಮಾಡಿದ ಕೆಲಸಕ್ಕೂ ಖರ್ಚಾದ ಶಕ್ತಿಗೂ ಇರುವ ಈ ಪ್ರಮಾಣವೇ ಹೃದಯ ಸ್ನಾಯುವಿನ ದಕ್ಷತೆ. ಭೌತಶಾಸ್ತ್ರದಲ್ಲಿ ನೀವು ಯಂತ್ರದ ದಕ್ಷತೆಯನ್ನು ಲೆಕ್ಕ ಹಾಕುವುದಿಲ್ಲವೇ? ಇದೂ ಹಾಗೆಯೇ.

ಆರೋಗ್ಯವಂತರ ಎಡ ಹೃತ್ಕುಕ್ಷಿಯು ಸುಮಾರು 120 ಮಿಲಿಮೀಟರ್ ಪಾದರಸದಷ್ಟು ಒತ್ತಡವನ್ನು ಉಂಟುಮಾಡುತ್ತದೆ. ಮಹಾಪಧಮನಿಗೂ ಹೆಚ್ಚುಕಡಿಮೆ ಅಷ್ಟೇ ಒತ್ತಡ ದೊರೆಯುತ್ತದೆ. ವಯಸ್ಕರಲ್ಲಿ ತೆರೆದ ಕವಾಟದ ವಿಸ್ತೀರ್ಣ 3ರಿಂದ 4 ಚದರ ಸೆಂಟಿಮೀಟರ್. ಅದು 1 ಚದರ ಸೆಂಟಿಮೀಟರಿಗೆ ಇಳಿದರೆ ಸಂಕುಚನ ತೀವ್ರವಾಗಿದೆ ಎಂದು ಭಾವಿಸುತ್ತಾರೆ. ಉದಾಹರಣೆಗೆ, ಹೃತ್ಕುಕ್ಷಿ 180ರಷ್ಟು ಒತ್ತಡ ಹಾಕಿದರೂ ಮಹಾಪಧಮನಿಗೆ ದೊರೆಯುವುದು 120 ಮಾತ್ರ ಎಂದುಕೊಳ್ಳಿ. ಉಳಿದ 60 ಬಾಗಿಲಲ್ಲೇ ವ್ಯಯವಾಯಿತು. ವೈದ್ಯರಿಗೆ ಕೇಳುವ ಮರ್ಮರ ಧ್ವನಿಯು ಹೀಗೆ ವ್ಯರ್ಥವಾಗುವ ಶಕ್ತಿಯ ಸದ್ದೇ.

ಇಷ್ಟಾದರೂ ರೋಗಿಗೆ ಅನೇಕ ವರ್ಷ ಏನೂ ತೋರದು. ಅದಕ್ಕೆ ಕಾರಣ ಹೃದಯದ ಜಾಣ್ಮೆ. ಗೋಡೆಯ ಮೇಲೆ ಬೀಳುವ ಎಳೆತವು ಒತ್ತಡ ಮತ್ತು ತ್ರಿಜ್ಯಗಳು ಹೆಚ್ಚಿದಂತೆ ಹೆಚ್ಚುತ್ತದೆ, ಗೋಡೆಯ ದಪ್ಪ ಹೆಚ್ಚಿದಂತೆ ಕಡಿಮೆಯಾಗುತ್ತದೆ ಎಂಬುದು ಲಾಪ್ಲಾಸನ ನಿಯಮ. ಒತ್ತಡ 120ರಿಂದ 180ಕ್ಕೆ, ಅಂದರೆ ಒಂದೂವರೆ ಪಟ್ಟು ಏರಿತು. ಗೋಡೆಯ ದಪ್ಪವೂ 1 ಸೆಂಟಿಮೀಟರಿನಿಂದ ಒಂದೂವರೆ ಸೆಂಟಿಮೀಟರಿಗೆ ಬೆಳೆದರೆ, ತ್ರಿಜ್ಯ ಬದಲಾಗದಿದ್ದಲ್ಲಿ ಎಳೆತ ಮೊದಲಿನಷ್ಟೇ ಉಳಿಯುತ್ತದೆ. ಹೃದಯ ಹೀಗೆ ದಪ್ಪಗಾಗಿ ಹೊರೆಯನ್ನು ಸರಿದೂಗಿಸುವುದನ್ನು 1975ರಲ್ಲಿ ವಿಲಿಯಂ ಗ್ರಾಸ್‌ಮನ್ ಮತ್ತು ಸಂಗಡಿಗರು ರೋಗಿಗಳಲ್ಲಿ ಅಳೆದು ತೋರಿಸಿದರು.

ಆದರೆ ಈ ಜಾಣ್ಮೆಗೆ ಬೆಲೆ ತೆರಬೇಕು. ದಪ್ಪಗಾದ ಸ್ನಾಯುವಿಗೆ ಹೆಚ್ಚು ಆಮ್ಲಜನಕ ಬೇಕು. ಎಡ ಹೃತ್ಕುಕ್ಷಿಯ ಸ್ನಾಯುವಿಗೆ ರಕ್ತ ದೊರೆಯುವುದು ಬಹುಮಟ್ಟಿಗೆ ಅದು ವಿಶ್ರಮಿಸುವ ಕ್ಷಣಗಳಲ್ಲಿ. ಗೋಡೆ ಬೆಳೆದಷ್ಟು ವೇಗವಾಗಿ ಸೂಕ್ಷ್ಮ ರಕ್ತನಾಳಗಳು ಬೆಳೆಯುವುದಿಲ್ಲ. ಕ್ರಮೇಣ ಸ್ನಾಯುವಿನ ನಡುವೆ ನಾರಿನ ಅಂಶ ಸೇರಿಕೊಳ್ಳುತ್ತದೆ. ದುಡಿಯುವ ತಂತುಗಳು ನಶಿಸುತ್ತವೆ. 20 ನಿಮಿಷಕ್ಕೆ ಅರ್ಧದಷ್ಟು ಕ್ಷಯಿಸುವ ಇಂಗಾಲ-11 ಸೇರಿಸಿದ ಅಸಿಟೇಟ್ ದ್ರವವನ್ನು ರಕ್ತಕ್ಕೆ ಕೊಟ್ಟು, ಹೃದಯ ಎಷ್ಟು ಆಮ್ಲಜನಕ ಬಳಸುತ್ತಿದೆ ಎಂಬುದನ್ನು ಪೆಟ್ ಸ್ಕ್ಯಾನ್ ಮೂಲಕ ಅಳೆಯುವುದು ಸಾಧ್ಯವಾಗಿದೆ. ದೂಡುವ ಶಕ್ತಿ ಕುಗ್ಗಿದ ಹೃದಯಗಳಲ್ಲಿ ದಕ್ಷತೆಯೂ ಕುಗ್ಗಿರುವುದು ಇಂಥ ಅಳತೆಗಳಿಂದ ಕಂಡುಬಂದಿದೆ. ಖರ್ಚು ಹೆಚ್ಚು, ಫಲ ಕಡಿಮೆ; ಸಾಲದ ಮೇಲೆ ನಡೆಯುವ ಸಂಸಾರದಂತೆ.

ಮುಂದೇನಾಗುತ್ತದೆ? ಅಮೆರಿಕದ ಜಾನ್ ರಾಸ್ ಮತ್ತು ಯೂಜೀನ್ ಬ್ರೌನ್‌ವಾಲ್ಡ್ 1968ರಲ್ಲಿ ಪ್ರಕಟಿಸಿದ ಲೇಖನ ಇದಕ್ಕೆ ಉತ್ತರ ನೀಡಿತು. ಚಿಕಿತ್ಸೆಯಿಲ್ಲದ ರೋಗಿಗಳ ಆಯುಷ್ಯದ ರೇಖೆ ಬಹುಕಾಲ ಸಮತಟ್ಟಾಗಿ ಸಾಗಿ, ಲಕ್ಷಣಗಳು ಕಾಣಿಸಿದ ಕೂಡಲೇ ಕಡಿದಾಗಿ ಇಳಿಯುತ್ತದೆ. ಶ್ರಮಪಟ್ಟಾಗ ಎದೆನೋವು ಬಂದವರಿಗೆ ಸರಾಸರಿ 5 ವರ್ಷ, ಎಚ್ಚರ ತಪ್ಪಿ ಬಿದ್ದವರಿಗೆ 3 ವರ್ಷ, ಹೃದಯ ವೈಫಲ್ಯದಿಂದ ಉಸಿರುಗಟ್ಟುವವರಿಗೆ 2 ವರ್ಷ. ಇವು ಚಿಕಿತ್ಸೆ ಇಲ್ಲದಾಗಿನ ಸರಾಸರಿಗಳು ಎಂಬುದನ್ನು ಮರೆಯಬಾರದು. ಲಕ್ಷಣ ಕಂಡ ಮೇಲೆ ಕಾಯುವಂತಿಲ್ಲ ಎಂಬುದೇ ಇವುಗಳ ಪಾಠ.

ಬಾಗಿಲನ್ನು ಸರಿಪಡಿಸುವ ಯತ್ನವೂ ಇದರೊಡನೆ ಸಾಗಿತ್ತು. 1952ರಲ್ಲಿ ಚಾರ್ಲ್ಸ್ ಹಫ್‌ನಗೆಲ್ ಅಮೆರಿಕದಲ್ಲಿ ಮೊದಲ ಕೃತಕ ಕವಾಟವನ್ನು ರೋಗಿಯ ಮಹಾಪಧಮನಿಯಲ್ಲಿ ಅಳವಡಿಸಿದರು. 1960ರಲ್ಲಿ ಡ್ವೈಟ್ ಹಾರ್ಕೆನ್ ಕೆಟ್ಟ ಕವಾಟವಿದ್ದ ಸ್ಥಳದಲ್ಲೇ ಕೃತಕ ಕವಾಟವನ್ನು ಕೂರಿಸಿದರು. ಹಫ್‌ನಗೆಲ್ ಅವರ ಬಳಿ ಕೆಲಸ ಮಾಡಿದವರಲ್ಲಿ ಕೇರಳದ ಡಾ. ಎಂ.ಎಸ್. ವಲಿಯತ್ತಾನ್ ಒಬ್ಬರು. ತಾಯ್ನಾಡಿಗೆ ಮರಳಿದ ಅವರು, ಆಮದಾದ ಕವಾಟಗಳ ಬೆಲೆ ನಮ್ಮ ಬಡ ರೋಗಿಗಳ ಕೈಗೆಟುಕದ್ದನ್ನು ಕಂಡರು. ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯಲ್ಲಿ ದೇಶೀ ಕವಾಟದ ಕೆಲಸ ಆರಂಭವಾಯಿತು. ಮೊದಲ ಮೂರು ಮಾದರಿಗಳು ಸೋತವು. ನಾಲ್ಕನೆಯದು ಗೆದ್ದಿತು. ಕೋಬಾಲ್ಟ್ ಮಿಶ್ರಲೋಹದ ಚೌಕಟ್ಟಿನಲ್ಲಿ ವಾಲಿ ತೆರೆಯುವ ವಿಶೇಷ ಪಾಲಿಥಿನ್ ಬಿಲ್ಲೆಯುಳ್ಳ ಆ ‘ಚಿತ್ರಾ’ ಕವಾಟವನ್ನು 1990ರ ಡಿಸೆಂಬರಿನಲ್ಲಿ ಮೊದಲ ಬಾರಿಗೆ ರೋಗಿಗೆ ಅಳವಡಿಸಲಾಯಿತು. ಅಲ್ಲಿಂದೀಚೆಗೆ ಒಂದು ಲಕ್ಷಕ್ಕೂ ಹೆಚ್ಚು ಕವಾಟಗಳು ಬಳಕೆಯಾಗಿವೆ. 1993ರಲ್ಲಿ ವಲಿಯತ್ತಾನ್ ಮಣಿಪಾಲ ವಿಶ್ವವಿದ್ಯಾಲಯದ ಮೊದಲ ಕುಲಪತಿಗಳಾಗಿ ನಮ್ಮ ಕರಾವಳಿಗೆ ಬಂದರು. 2024ರಲ್ಲಿ ಮಣಿಪಾಲದಲ್ಲೇ ತೀರಿಕೊಂಡರು.

2002ರಲ್ಲಿ ಫ್ರಾನ್ಸಿನ ಅಲೆನ್ ಕ್ರಿಬಿಯೆ ಎದೆಯನ್ನು ತೆರೆಯದೆ, ರಕ್ತನಾಳದ ಮೂಲಕವೇ ಕವಾಟವನ್ನು ಕೊಂಡೊಯ್ದು ಕೂರಿಸಿದರು. ಇದರಿಂದ ಶಸ್ತ್ರಚಿಕಿತ್ಸೆ ತಾಳಲಾರದ ವೃದ್ಧರಿಗೂ ದಾರಿಯಾಯಿತು.

ಸರಿಯಾದ ಸಮಯವನ್ನು ಗುರುತಿಸುವುದು ಹೇಗೆ? ಶಬ್ದಾತೀತ ತರಂಗಗಳಿಂದ ಹೃದಯವನ್ನು ನೋಡುವ ವಿಧಾನವನ್ನು 1953ರಲ್ಲಿ ಸ್ವೀಡನ್ನಿನ ಎಡ್ಲರ್ ಮತ್ತು ಹರ್ಟ್ಸ್ ಆರಂಭಿಸಿದರು. ಈಗ ಎಕೋ ಪರೀಕ್ಷೆಯಲ್ಲಿ ಕವಾಟದ ಮೂಲಕ ಚಿಮ್ಮುವ ರಕ್ತದ ವೇಗವನ್ನು ಅಳೆಯುತ್ತಾರೆ. ವೇಗದ ವರ್ಗವನ್ನು 4ರಿಂದ ಗುಣಿಸಿದರೆ ಒತ್ತಡದ ವ್ಯತ್ಯಾಸ ಸಿಗುತ್ತದೆ. ವೇಗ ಸೆಕೆಂಡಿಗೆ 4 ಮೀಟರ್ ಆದರೆ ವ್ಯತ್ಯಾಸ 64. ಇಷ್ಟು ವೇಗ ತೀವ್ರ ಸಂಕುಚನದ ಗುರುತು. ಇಲ್ಲೊಂದು ಎಚ್ಚರಿಕೆಯ ಮಾತು. ಹೃದಯ ಸ್ನಾಯು ದಣಿದುಹೋದರೆ ರಕ್ತವನ್ನು ಜೋರಾಗಿ ದೂಡಲಾರದು. ಆಗ ವೇಗ ಇಳಿಯುತ್ತದೆ, ಮರ್ಮರ ಧ್ವನಿಯೂ ಮೆತ್ತಗಾಗಬಹುದು. ರೋಗ ಇಳಿಯಿತೆಂದು ತಿಳಿದರೆ ಮೋಸಹೋದಂತೆ. ಬಾಗಿಲು ಅಗಲವಾಗಿಲ್ಲ, ದೂಡುವವನೇ ಸೋತಿದ್ದಾನೆ. ಆದ್ದರಿಂದಲೇ ಕವಾಟವನ್ನು ಮಾತ್ರವಲ್ಲ, ಸ್ನಾಯುವಿನ ಶಕ್ತಿಯನ್ನೂ ಜೊತೆಯಲ್ಲೇ ನೋಡಬೇಕು.

2018ರಲ್ಲಿ ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ ಅವರು ಹಳ್ಳಿಗಳ ಆರೋಗ್ಯ ಕೇಂದ್ರಗಳಿಗೆ ಇಸಿಜಿ ಯಂತ್ರಗಳನ್ನು ಒದಗಿಸಿ, ವಾಟ್ಸಾಪ್ ಮೂಲಕ ತಜ್ಞರ ಸಲಹೆ ದೊರೆಯುವ ಯೋಜನೆಯನ್ನು ಆರಂಭಿಸಿದರು. ಅದರ ಮುಖ್ಯ ಗುರಿ ಹೃದಯಾಘಾತ. ಕವಾಟದ ರೋಗವನ್ನು ಖಚಿತಪಡಿಸಲು ಎಕೋ ಬೇಕೇ ಬೇಕು. ಆದರೂ ಹೃದಯದ ಗೋಡೆ ದಪ್ಪಗಾದ ಸುಳಿವನ್ನು ಇಸಿಜಿ ನೀಡಬಲ್ಲದು. ಅಂಥ ಸುಳಿವು ಹಳ್ಳಿಯಲ್ಲೇ ಸಿಕ್ಕರೆ ಅದು ದೊಡ್ಡ ಸಹಾಯ.

ವಿದ್ಯಾರ್ಥಿಗಳೇ, ಇದರಲ್ಲಿ ನಿಮ್ಮ ಪಾಲೂ ಇದೆ. ಕವಾಟ ಕಿರಿದಾಗಲು ವೃದ್ಧಾಪ್ಯದಲ್ಲಿ ಸುಣ್ಣದ ಅಂಶ ಕೂಡುವುದು, ಹುಟ್ಟಿನಿಂದಲೇ ಮೂರರ ಬದಲು ಎರಡು ದಳಗಳಿರುವುದು, ಬಾಲ್ಯದ ಸಂಧಿವಾತ ಜ್ವರ ಇವು ಮುಖ್ಯ ಕಾರಣಗಳು. ಗಂಟಲು ನೋವಿನ ನಂತರ ಜ್ವರ, ಕೀಲುನೋವು ಬಂದರೆ ಅಲಕ್ಷಿಸದೆ ವೈದ್ಯರಿಗೆ ತೋರಿಸಿ. ಪೆನಿಸಿಲಿನ್‌ನಂಥ ಸಾಮಾನ್ಯ ಔಷಧಿಯಿಂದ ಮುಂದಿನ ಹಾನಿಯನ್ನು ತಡೆಯಬಹುದು. ಇನ್ನು, ಕಳೆದ ವರ್ಷ ಕದ್ರಿಯ ಮೆಟ್ಟಿಲುಗಳನ್ನು ಸಲೀಸಾಗಿ ಹತ್ತಿದ ಅಜ್ಜ ಈ ವರ್ಷ ನಡುವೆ ಕುಳಿತು, “ವಯಸ್ಸಾಯಿತು ಮಗಾ” ಎಂದರೆ, ಆ ಮಾತನ್ನು ಅಲ್ಲಿಗೇ ಬಿಡಬೇಡಿ. ಅದು ವಯಸ್ಸೇ ಇರಬಹುದು. ಬಾಗಿಲು ಕಿರಿದಾಗಿಯೂ ಇರಬಹುದು. ಒಮ್ಮೆ ವೈದ್ಯರ ಬಳಿ ಕರೆದುಕೊಂಡು ಹೋಗಿ. ವರ್ಷಗಟ್ಟಲೆ ದೂರು ಹೇಳದೆ ದುಡಿದ ಹೃದಯ ಕೊನೆಗೆ ಒಂದು ಮಾತು ಹೇಳಿದಾಗ, ಅದನ್ನು ಕೇಳಿಸಿಕೊಳ್ಳಲು ಮನೆಯಲ್ಲಿ ಒಬ್ಬರಾದರೂ ಇರಬೇಕು.