ಮುಳುಗಿಯೂ ಉಳಿಯುವ ಮಂಟಪಗಳು

ಮೇಗುಂದ ಸೀಮೆಯಲ್ಲಿ ಮಳೆ ಜೋರು ಹಿಡಿಯಿತೆಂದರೆ ಜನರ ಗಮನ ತುಂಗೆಯತ್ತ ಹರಿಯುತ್ತದೆ. ಶೃಂಗೇರಿಯ ಹೊಳೆದಂಡೆಯ ಕಪ್ಪೆ ಶಂಕರ ಗುಡಿ ಅವರ ಅಳತೆಗೋಲು. ಅಲ್ಲಿಗೆ ನೀರು ಬಂತೆಂದರೆ ಪ್ರವಾಹ ಬಂತೆಂದೇ ಅರ್ಥ. ಕೆಳಗೆ ಶಿವಮೊಗ್ಗದಲ್ಲಿ ಕೋರ್ಪಲಯ್ಯನ ಛತ್ರದ ಬಳಿಯ ಮಂಟಪ ಮುಳುಗಿದರೆ ಹೊಳೆ ತುಂಬಿತೆನ್ನುತ್ತಾರೆ. ಇನ್ನೂ ಮುಂದೆ ಹಂಪಿಯಲ್ಲಿ, ತುಂಗಭದ್ರಾ ಜಲಾಶಯದಿಂದ ಹೆಚ್ಚು ನೀರು ಬಿಟ್ಟಾಗ ಪುರಂದರ ಮಂಟಪ ಮುಳುಗುತ್ತದೆ.

ಇಷ್ಟು ಸಲ ಮುಳುಗಿದರೂ ಹಂಪಿಯ ಮಂಟಪ ಕೊಚ್ಚಿಹೋಗಲಿಲ್ಲವೇಕೆ? ಅದಕ್ಕೆ ಗೋಡೆಗಳಿಲ್ಲ, ಕಂಬಗಳ ಸಂದಿಯಲ್ಲಿ ನೀರು ಹಾದುಹೋಗುತ್ತದೆ. ಹರಿವ ನೀರಿನ ವೇಗ ಎರಡರಷ್ಟಾದರೆ ಅದರ ನೂಕುಬಲ ನಾಲ್ಕರಷ್ಟಾಗುತ್ತದೆ. ಅಡ್ಡಗೋಡೆ ಈ ಬಲವನ್ನೆಲ್ಲ ಮೈಮೇಲೆ ಎಳೆದುಕೊಳ್ಳುತ್ತದೆ, ಕಂಬ ಅದರಲ್ಲಿ ಸ್ವಲ್ಪವನ್ನಷ್ಟೇ. ಕಲ್ಲಿನ ತೂಕವೂ ನೆರವಾಗುತ್ತದೆ. ಒಂದು ಘನ ಮೀಟರ್ ಗ್ರಾನೈಟ್ ಸುಮಾರು 2,700 ಕಿಲೋ ತೂಗುತ್ತದೆ. ನೀರಿನಲ್ಲಿ ಮುಳುಗಿ 1,000 ಕಿಲೋ ಹಗುರಾದರೂ 1,700 ಕಿಲೋ ಉಳಿಯುತ್ತದೆ. ಮರದ ಮನೆಯಾದರೆ ತೇಲಿಹೋದೀತು.

ಕಡಲ ರಕ್ಕಸ ಅಲೆಗಳಿಗೂ ಇದೇ ಲೆಕ್ಕ. 2004ರ ಡಿಸೆಂಬರ್ 26ರ ಸುನಾಮಿಯಲ್ಲಿ ಇಂಡೋನೇಷ್ಯದ ಅಚೆ ಪ್ರಾಂತ್ಯದ ಲಾಂಪೂಕ್ ಊರು ನೆಲಸಮವಾಯಿತು. ಅಲ್ಲಿನ ರಹಮತುಲ್ಲಾ ಮಸೀದಿ ಮಾತ್ರ ಪೆಟ್ಟು ತಿಂದರೂ ನಿಂತಿತು. ಅದರ ಕೆಳಭಾಗ ಬಹುಮಟ್ಟಿಗೆ ಕಂಬ, ಕಮಾನುಗಳ ತೆರೆದ ಜಾಗ. ಅಮೆರಿಕದ ಸಿವಿಲ್ ಎಂಜಿನಿಯರುಗಳ ಸಂಘ 2016ರ ತನ್ನ ನಿಯಮಾವಳಿಯಲ್ಲಿ ಮೊದಲ ಬಾರಿಗೆ ಸುನಾಮಿಯ ಬಲಗಳಿಗೆಂದೇ ಒಂದು ಅಧ್ಯಾಯ ಸೇರಿಸಿತು.

ಹಾಗೆಂದು ಕಂಬ ನಿಲ್ಲಿಸಿದರೆ ಸಾಲದು. ತೇಲಿಬರುವ ದಿಮ್ಮಿಗಳು ಕಂಬಗಳಿಗೆ ಗುದ್ದುತ್ತವೆ. ಸಂದಿಯಲ್ಲಿ ಸಿಕ್ಕಿಕೊಂಡರೆ ಅವೇ ಗೋಡೆಯಾಗುತ್ತವೆ. ನೀರು ಬುಡದ ಮಣ್ಣನ್ನೂ ಕೊರೆಯುವುದರಿಂದ ತಳಪಾಯ ಆಳವಾಗಿರಬೇಕು.

ಗೋಡೆ ಬೇಕೇಬೇಕಾದಲ್ಲಿ ಇನ್ನೊಂದು ದಾರಿಯಿದೆ, ಅದು ಎತ್ತರ. ತುಂಗೆಯ ದಡದಲ್ಲೇ ಇರುವ, 14ನೇ ಶತಮಾನದ ಶೃಂಗೇರಿಯ ವಿದ್ಯಾಶಂಕರ ದೇವಾಲಯಕ್ಕೆ ಗೋಡೆಗಳಿವೆ. ಆದರೆ ಅದು ನಿಂತಿರುವುದು ಎತ್ತರದ ಕಲ್ಲಿನ ಜಗತಿಯ ಮೇಲೆ.

ಹೊಳೆಯಂಚಿನಲ್ಲಿ ಕಟ್ಟುವವರಿಗೆ ಈ ಎರಡು ಪಾಠ ಸಾಕು: ನೀರಿಗಿಂತ ಮೇಲಿರಬೇಕು, ಇಲ್ಲವೇ ನೀರಿಗೆ ದಾರಿ ಬಿಡಬೇಕು. ಕೆಳಗಿನ ಕಂಬಗಳ ನಡುವೆ ಇಟ್ಟಿಗೆಯಿಟ್ಟು ಮಳಿಗೆ ಮಾಡುವ ಆಸೆ ಬಂದಾಗ ಒಮ್ಮೆ ಪುರಂದರ ಮಂಟಪವನ್ನು ನೆನೆಯುವುದು ಒಳ್ಳೆಯದು.