ಅಂಗಳದಲ್ಲಿ ಬಿಚ್ಚಿದ ಜಾವಾ

ಜೆಕೊಸ್ಲೊವಾಕಿಯಾದ ಪರವಾನಗಿಯಲ್ಲಿ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಬೈಕು ತಯಾರಿಸತೊಡಗಿತು. 1973ರಿಂದ ಅದು ಯೆಜ್ದಿ ಎನಿಸಿತು. ಒದ್ದು ಚಾಲೂ ಮಾಡುವ ಕಿಕ್ಕರೇ ಗೇರೂ ಆಗುವುದನ್ನು ಕಂಡು ಹೊಸಬರು ಕಕ್ಕಾಬಿಕ್ಕಿ! ಟೂ-ಸ್ಟ್ರೋಕ್ ಎಂಜಿನ್ನಾದ್ದರಿಂದ ವಾಲ್ವಿನ ಗೋಜಿರಲಿಲ್ಲ. ಆದರೆ ಪೆಟ್ರೋಲಿನೊಡನೆ ಎಣ್ಣೆಯೂ ಉರಿದು ಸೈಲೆನ್ಸರಿನಲ್ಲಿ ಮಸಿ ಕಟ್ಟುತ್ತಿತ್ತು, ಗಾಡಿ ಏದುಸಿರು ಬಿಡುತ್ತಿತ್ತು. ಒಳಗಿನ ಕೊಳವೆ ಬಿಚ್ಚಿ, ಬೆಂಕಿಗೆ ಹಿಡಿದು, ಕೆರೆದು ಕೂಡಿಸಿದರೆ ಮತ್ತೆ ಅದೇ ಗತ್ತಿನ ಸದ್ದು. ಪಾಯಿಂಟಿಗೆ ಪಾಲಿಶ್ ಪೇಪರ್, ಪ್ಲಗ್ಗಿಗೆ ತಂತಿಬ್ರಷ್ಷು. ಭಾನುವಾರದ ಬೆಳಗು ಕಳೆಯಲು ಇಷ್ಟು ಸಾಕಿತ್ತು. ದೂರ ಹೊರಡುವವರು ಹಿಂದೊಂದು ಕ್ಯಾರಿಯರ್ ಹಾಕಿಸಿ, ಬಿಡಿ ಕ್ಲಚ್ ಕೇಬಲ್ಲನ್ನೂ ಕಟ್ಟಿಕೊಳ್ಳುವುದು ಜಾಣತನ.

1996ರಲ್ಲಿ ಕಾರ್ಖಾನೆ ಮುಚ್ಚಿತು, ಕೆಲಸಗಾರರ ಅನ್ನ ಹೋಯಿತು. ಬೈಕುಗಳು ಉಳಿದದ್ದು ಒಂದನ್ನು ಬಿಚ್ಚಿ ಇನ್ನೊಂದನ್ನು ಬದುಕಿಸಿದ ಮೆಕ್ಯಾನಿಕ್ಕುಗಳಿಂದ, ತಾವೇ ಸ್ಪ್ಯಾನರ್ ಹಿಡಿದ ಮಾಲೀಕರಿಂದ. 2018ರಲ್ಲಿ ಜಾವಾ ಹೆಸರು ಮರಳಿತು, ಫೋರ್-ಸ್ಟ್ರೋಕ್ ಎಂಜಿನ್ನಿನೊಂದಿಗೆ. ಅದರಲ್ಲಿ ಕಿಕ್ಕರೇ ಇಲ್ಲ.